ಲಸಿಕೆಯ ಹಾನಿ: ಮುಚ್ಚಿಡತಕ್ಕ ಮಾತೇ?

ಲೇಕ್ ಮಾರ್ಕೆಟ್ಟಿನ ಆಸುಪಾಸಿನ ಹೋಟೆಲೊಂದರಲ್ಲಿ ಅಡಿಗೆಯ ಕೆಲಸಕ್ಕಿರುವ, ಕುಂದಾಪುರದ ಕಡೆಯ ಗೃಹಸ್ಥರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಹದಿನಾರು ತಿಂಗಳ ಅವರ ಮಗುವಿಗೆ ಚುಚ್ಚುಮದ್ದು ಹಾಕಿಸಿದ ದಿನ ರಾತ್ರಿ ವಿಪರೀತ ಜ್ವರ ಬಂದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿ, ಕೈಕಾಲು ಸೆಟೆದು, ಎರಡು ಮೂರು ನಿಮಿಷಗಳ ಕಾಲ ಸೆಳವು ಕಾಣಿಸಿಕೊಂಡಿತಂತೆ. ಮಗು ಈಗ ಆಡಿಕೊಂಡಿದೆ. ಆದರೆ ಊರಿನಲ್ಲಿರುವ ಅಜ್ಜಿ, ಇನ್ನು ಮೇಲೆ ಒಂದು ಸೂಜಿಯನ್ನೂ ಮಗುವಿಗೆ ಮುಟ್ಟಿಸಕೂಡದೆಂದು ದೂರವಾಣಿಯಲ್ಲಿಯೇ ಆಣೆಯಿಟ್ಟಿದ್ದಾರೆ. ತಾಯಿಯು ಮರುದಿನ ಚುಚ್ಚುಮದ್ದು ಹಾಕಿಸಿದ ಕಡೆಗೆ ಹೋಗಿ ವಿಚಾರಿಸಿದಾಗ ಅಲ್ಲಿದ್ದ ಸಿಬ್ಬಂದಿ "ಕಿಛು ಹೊಬೆ ನಾ", ಎಂದರೆ ಏನೂ ಆಗುವುದಿಲ್ಲ, ಎಂದು ಹೇಳಿ ಕಳುಹಿಸಿದರಂತೆ. "ಆದುದನ್ನು ಕಣ್ಣಾರೆ ಕಂಡ ನಮಗೆ ಏನೂ ಆಗುವುದಿಲ್ಲವೆಂದರೆ ಹೇಗೆ ನಂಬುವುದು? ಮುಂದಿನ ಚುಚ್ಚುಮದ್ದು ಹಾಕಿಸಬೇಕೇ, ಬೇಡವೇ?" ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ನ್ಯಾಯವಾದದ್ದು. ಇದನ್ನು ಕೇಳಿದವರನ್ನು ಅಜ್ಞಾನಿಗಳೆಂದು ಜರೆಯುವುದು ವಿದ್ಯಾವಂತರಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ನಾವು ಬಹುಕಾಲ ಗಲ್ಲಾದ ಮುಂದೆ ಕುಳಿತು ಆ ಮೇಲೆ ಲೇಖನಿ ಹಿಡಿದವರು; ನಮಗೆ ತಿಳಿದಮಟ್ಟಿಗೆ, ಅನ್ನದಲ್ಲಿ ಕಲ್ಲು ಸಿಕ್ಕಿದ ಗಿರಾಕಿಗೆ "ನಮ್ಮಲ್ಲಿ ಕಲ್ಲು ಬರುವುದೇ ಇಲ್ಲ" ಎಂದು ವಾದಿಸುವ ಮಾಲೀಕನ ಹೋಟೆಲಿಗೆ ಆ ಗಿರಾಕಿ ಮತ್ತೆ ಕಾಲಿಡುವುದಿಲ್ಲ. ಕಲ್ಲು ಬಂದದ್ದು ಹೌದೆಂದು ಒಪ್ಪಿ, ಬೇರೆ ಎಲೆ ಹಾಕಿಸಿದರೆ ಬರುತ್ತಾನೆ. ಲಸಿಕೆಗಳಿಂದ ಮಕ್ಕಳ ನರಮಂಡಲಕ್ಕೆ ಎಂದೂ ಯಾವ ಹಾನಿಯೂ ಆಗಿಲ್ಲವೆಂಬುದು ಸುಳ್ಳು. ಮಕ್ಕಳಿಗೆ ಬಂದ ನರರೋಗಗಳಿಗೆಲ್ಲ ಲಸಿಕೆಯೇ ಕಾರಣವೆಂಬುದು ಅದಕ್ಕಿಂತ ದೊಡ್ಡ ಸುಳ್ಳು. ಈ ಎರಡು ಸುಳ್ಳುಗಳ ನಡುವೆ ನಿಜವು ಎಲ್ಲಿದೆಯೆಂಬುದನ್ನು ಸಾಧ್ಯವಾದಷ್ಟು ಲೆಕ್ಕಸಹಿತವಾಗಿ ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ಪತ್ರದಲ್ಲಿರುವ ಮಗುವಿನ ವಿಷಯ. ಹದಿನಾರು ತಿಂಗಳಿಗೆ ಸರಕಾರದವರು ಹಾಕುವುದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಇವು ಮೂರಕ್ಕೂ ಸೇರಿದ ಚುಚ್ಚುಮದ್ದು ಹಾಗೂ ದಡಾರ-ರುಬೆಲ್ಲಾ ಚುಚ್ಚುಮದ್ದು. ಇವುಗಳಲ್ಲಿ ನಾಯಿಕೆಮ್ಮಿನ ಭಾಗವು ಕೊಂದ ರೋಗಾಣುಗಳನ್ನು ಇಡಿಯಾಗಿ ಸೇರಿಸಿ ಮಾಡಿದುದು. ಆದುದರಿಂದಲೇ ಅದು ಜ್ವರ ತರುವುದು ಹೆಚ್ಚು. ಎಳೆಯ ಮಕ್ಕಳಲ್ಲಿ ಕೆಲವರಿಗೆ ಯಾವ ಕಾರಣದಿಂದ ಜ್ವರ ಏರಿದರೂ ಸೆಳವು ಬರುತ್ತದೆ. ನಮ್ಮ ಹಿರಿಯರು ಇದನ್ನು ಬಾಲಗ್ರಹವೆಂದು ಕರೆದು ಯಂತ್ರ ಕಟ್ಟಿಸುತ್ತಿದ್ದರು. ಅಮೆರಿಕದಲ್ಲಿ ಸುಮಾರು ೬,೮೦,೦೦೦ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ೨೦೦೧ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಮೂರು ರೋಗಗಳ ಚುಚ್ಚುಮದ್ದಿನಿಂದ ಅದೇ ದಿನ ಹೆಚ್ಚುವರಿಯಾಗಿ ಜ್ವರದ ಸೆಳವಿಗೆ ಒಳಗಾಗುವ ಮಕ್ಕಳು ಲಕ್ಷಕ್ಕೆ ೬ರಿಂದ ೯. ದಡಾರದ ಮದ್ದು ಸೇರಿದ ಲಸಿಕೆಯಿಂದ, ಅದೂ ಎಂಟರಿಂದ ಹದಿನಾಲ್ಕನೆಯ ದಿನದೊಳಗೆ, ಲಕ್ಷಕ್ಕೆ ೨೫ರಿಂದ ೩೪. ಹೀಗೆ ಸೆಳವು ಬಂದ ಮಕ್ಕಳನ್ನು ಮುಂದೆ ವರ್ಷಗಟ್ಟಲೆ ಗಮನಿಸಿದಾಗ, ಬೇರೆ ಜ್ವರಗಳಿಂದ ಸೆಳವು ಬಂದ ಮಕ್ಕಳಿಗಿಂತ ಅವರಲ್ಲಿ ಅಪಸ್ಮಾರವಾಗಲಿ ಬುದ್ಧಿಮಾಂದ್ಯವಾಗಲಿ ಹೆಚ್ಚಾಗಿ ಕಾಣಲಿಲ್ಲ. ಆದುದರಿಂದ ಆ ತಾಯಿಗೆ ಸಿಗಬೇಕಾಗಿದ್ದ ಉತ್ತರ "ಏನೂ ಆಗುವುದಿಲ್ಲ" ಎಂಬುದಲ್ಲ. "ಹೌದಮ್ಮ, ಇದು ಚುಚ್ಚುಮದ್ದಿನ ಜ್ವರದಿಂದಲೇ ಬಂದಿರಬಹುದು, ನೋಡಲು ಭಯಂಕರ, ಆದರೆ ಮಿದುಳನ್ನು ಕೆಡಿಸಿ ಹೋಗುವಂಥದಲ್ಲ, ಆದರೂ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ" ಎಂಬುದು. ಇದನ್ನು ಹೇಳಲು ಒಂದು ನಿಮಿಷ ಸಾಕಾಗಿದ್ದಿತು.

ಇದೇ ನಾಯಿಕೆಮ್ಮಿನ ಲಸಿಕೆಯ ವಿಷಯದಲ್ಲಿ ದೊಡ್ಡ ದೊಡ್ಡ ದೇಶಗಳೇ ದಿಕ್ಕುಗೆಟ್ಟ ಉದಾಹರಣೆಗಳುಂಟು. ೧೯೭೪ರಲ್ಲಿ ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು, ಈ ಚುಚ್ಚುಮದ್ದಿನ ತರುವಾಯ ನರಸಂಬಂಧವಾದ ಕಾಯಿಲೆಗೆ ಗುರಿಯಾದ ೩೬ ಮಕ್ಕಳ ವಿವರವನ್ನು ಪ್ರಕಟಿಸಿದರು. ವಾರ್ತಾಪತ್ರಗಳೂ ಟೆಲಿವಿಷನ್ನೂ ಅದನ್ನು ಹಿಡಿದು ಎಳೆದಾಡಿದುವು. ಹತ್ತು ಮಕ್ಕಳಲ್ಲಿ ಎಂಟು ಮಕ್ಕಳಿಗೆ ಲಸಿಕೆ ಹಾಕಿಸುತ್ತಿದ್ದ ದೇಶದಲ್ಲಿ, ಕೆಲವೇ ವರ್ಷಗಳಲ್ಲಿ, ಮೂರು ಮಕ್ಕಳಿಗೆ ಹಾಕಿಸುವುದೇ ಹೆಚ್ಚೆಂಬ ಸ್ಥಿತಿಯೊದಗಿತು. ಪರಿಣಾಮವಾಗಿ ೧೯೭೭ರಿಂದ ೧೯೭೯ರವರೆಗೆ ಅಲ್ಲಿ ಒಂದು ಲಕ್ಷಕ್ಕೂ ಮೀರಿ ಜನರಿಗೆ ನಾಯಿಕೆಮ್ಮು ತಗುಲಿತು. ಜಪಾನಿನಲ್ಲಿ ೧೯೭೪-೭೫ರ ಚಳಿಗಾಲದಲ್ಲಿ ಚುಚ್ಚುಮದ್ದಿನ ಬಳಿಕ ಎರಡು ಕೂಸುಗಳು ತೀರಿಕೊಂಡಾಗ ಸರಕಾರವು ಲಸಿಕೆಯನ್ನೇ ನಿಲ್ಲಿಸಿತು. ಆಮೇಲೆ ಪುನಃ ಆರಂಭಿಸಿದರೂ ಜನ ಬರಲಿಲ್ಲ. ೧೯೭೯ರಲ್ಲಿ ಆ ದೇಶದಲ್ಲಿ ೧೩,೦೦೦ಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ಬಂದು ೪೧ ಮಂದಿ ಸತ್ತರು. ಆದರೆ ಜಪಾನೀಯರು ಅಲ್ಲಿಗೇ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ರೋಗಾಣುವನ್ನು ಇಡಿಯಾಗಿ ಸೇರಿಸದೆ, ಬೇಕಾದ ಅಂಶಗಳನ್ನು ಮಾತ್ರ ಬೇರ್ಪಡಿಸಿ, ಜ್ವರ ಕಡಿಮೆ ತರುವ ಹೊಸ ಲಸಿಕೆಯೊಂದನ್ನು ತಯಾರಿಸಿ ೧೯೮೧ರಿಂದ ಬಳಕೆಗೆ ತಂದರು. ಇಂದು ನಮ್ಮ ಖಾಸಗಿ ದವಾಖಾನೆಗಳಲ್ಲಿ ಹೆಚ್ಚು ಬೆಲೆಗೆ ಮಾರುವ "ನೋವಿಲ್ಲದ ಸೂಜಿ" ಆ ವಂಶದ್ದೇ. ತಾಯಂದಿರ ದೂರನ್ನು ಕಿವಿಯಲ್ಲಿ ಹಾಕಿಕೊಂಡುದರಿಂದ ಹುಟ್ಟಿದ ಮದ್ದು ಅದು.

ಹಾಗಾದರೆ ಲಂಡನ್ನಿನ ಮಕ್ಕಳ ಗತಿಯೇನು? ಬ್ರಿಟನ್ನಿನಲ್ಲಿ ದೇಶವ್ಯಾಪಿಯಾಗಿ ನಡೆಸಿದ ಸಮೀಕ್ಷೆಯು ೧೯೮೧ರಲ್ಲಿ, ಶಾಶ್ವತ ಹಾನಿಯ ಸಂಭವವು ಬಹುಶಃ ೩,೧೦,೦೦೦ ಚುಚ್ಚುಮದ್ದುಗಳಿಗೆ ಒಂದರಂತೆ ಇರಬಹುದೆಂದು ಅಂದಾಜು ಮಾಡಿತು. ೧೯೮೮ರಲ್ಲಿ ಅಲ್ಲಿನ ಹೈಕೋರ್ಟು ಸಾಕ್ಷ್ಯಗಳನ್ನೆಲ್ಲ ದೀರ್ಘವಾಗಿ ವಿಚಾರಿಸಿ, ಆ ಅಂದಾಜಿಗೂ ಸಾಕಷ್ಟು ಆಧಾರವಿಲ್ಲವೆಂದು ತೀರ್ಪು ಕೊಟ್ಟಿತು. ೨೦೦೬ರಲ್ಲಿ ಆಸ್ಟ್ರೇಲಿಯದ ನರತಜ್ಞ ಸ್ಯಾಮ್ಯುಯೆಲ್ ಬೆರ್ಕೊವಿಚ್ ಮತ್ತು ಅವರ ಸಂಗಡಿಗರು, ಲಸಿಕೆಯಿಂದಲೇ ಮಿದುಳು ಕೆಟ್ಟಿತೆಂದು ನಂಬಲಾಗಿದ್ದ ೧೪ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ, ೧೧ ಮಂದಿಯಲ್ಲಿ ಹುಟ್ಟಿನಿಂದಲೇ ಬಂದ ಒಂದು ಆನುವಂಶಿಕ ದೋಷವು ಪತ್ತೆಯಾಯಿತು. ಡ್ರಾವೆಟ್ ರೋಗವೆಂದು ಅದಕ್ಕೆ ಹೆಸರು. ಆ ದೋಷವಿರುವ ಮಗುವಿಗೆ ಮೊದಲ ವರ್ಷದಲ್ಲಿ ಬರುವ ಯಾವ ಜ್ವರವಾದರೂ ಅಪಸ್ಮಾರದ ಬಾಗಿಲನ್ನು ತೆರೆಯಬಲ್ಲುದು; ಲಸಿಕೆಯ ಜ್ವರವು ಮೊದಲು ಬಂದರೆ ಅದೇ ತೆರೆಯುತ್ತದೆ. ಆ ತಾಯಂದಿರು ಮೂವತ್ತು ವರ್ಷ ಹೇಳಿದ ತೇದಿ ಸರಿಯಾಗಿದ್ದಿತು. ಹೇಳಿದ ಕಾರಣ ಮಾತ್ರ ಬೇರೆಯಾಗಿದ್ದಿತು. ಅವರನ್ನು ಸುಳ್ಳುಗಾರರೆಂದವರೂ ತಪ್ಪಿದರು, ಲಸಿಕೆಯನ್ನು ವಿಷವೆಂದವರೂ ತಪ್ಪಿದರು.

ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆಂದು ೧೯೯೮ರಲ್ಲಿ ವೇಕ್‌ಫೀಲ್ಡ್ ಎಂಬ ಇಂಗ್ಲಿಷ್ ವೈದ್ಯ ೧೨ ಮಕ್ಕಳನ್ನು ಮುಂದಿಟ್ಟುಕೊಂಡು ಎಬ್ಬಿಸಿದ ಗದ್ದಲದ ಬಗ್ಗೆ ಹೆಚ್ಚು ಬರೆಯುವುದು ಕಾಗದದ ದುರ್ವ್ಯಯ. ೨೦೧೦ರಲ್ಲಿ ಆ ಲೇಖನವನ್ನು ಪತ್ರಿಕೆಯು ಹಿಂತೆಗೆದುಕೊಂಡಿತು, ಆತನ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧವೇನೂ ಕಂಡುಬರಲಿಲ್ಲ.

ಇಷ್ಟಕ್ಕೇ ಲೇಖನಿಯನ್ನು ಕೆಳಗಿಟ್ಟರೆ ವಾಚಕರಿಗೆ ಅರ್ಧ ಸತ್ಯವನ್ನು ಮಾತ್ರ ಬಡಿಸಿದಂತಾದೀತು. ಏಕೆಂದರೆ ನರಮಂಡಲಕ್ಕೆ ನಿಜವಾಗಿ ಹಾನಿ ಮಾಡಿದ, ಮಾಡುತ್ತದೆಂದು ಸರಕಾರಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿಕೊಂಡಿರುವ ಲಸಿಕೆಯೊಂದು ನಮ್ಮೆಲ್ಲರ ಮಕ್ಕಳ ನಾಲಗೆಯ ಮೇಲೆ ಬಿದ್ದಿದೆ. ಅದು ಪೋಲಿಯೊ ಹನಿ. ಆ ಎರಡು ಹನಿಗಳಲ್ಲಿರುವುದು ಸತ್ತ ವೈರಸ್ ಅಲ್ಲ. ಬಲಗುಂದಿಸಿದ ಜೀವಂತ ವೈರಸ್. ಅದು ಮಗುವಿನ ಕರುಳಿನಲ್ಲಿ ಬೆಳೆದು ರೋಗನಿರೋಧಶಕ್ತಿಯನ್ನು ಹುಟ್ಟಿಸುತ್ತದೆ. ಮಲದ ಮೂಲಕ ಹೊರಬಿದ್ದು, ಬಯಲು ಚರಂಡಿಗಳಿರುವ ಬಸ್ತಿಗಳಲ್ಲಿ, ಹನಿ ಹಾಕಿಸಿಕೊಳ್ಳದ ನೆರೆಮನೆಯ ಮಗುವಿಗೂ ತಲುಪಿ ಆ ಮಗುವನ್ನೂ ಕಾಪಾಡುತ್ತದೆ. ಅಗ್ಗವಾದುದು, ಸೂಜಿ ಬೇಡ, ದಾದಿ ಬೇಡ. ಆದರೆ ಅದರ ಗುಣವೇ ಅದರ ದೋಷವೂ ಹೌದು. ಬದುಕಿರುವ ವೈರಸ್ ಬೆಳೆಯುತ್ತ ಬೆಳೆಯುತ್ತ ಎಲ್ಲಿಯೋ ಒಮ್ಮೆ ತನ್ನ ಹಿಂದಿನ ಕ್ರೌರ್ಯವನ್ನು ಮರಳಿ ಪಡೆದು, ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಂದುಬಿಡುತ್ತದೆ. ಆಗ ಮಗುವಿನ ಕಾಲು ಜೋಲುಬೀಳುತ್ತದೆ. ಕಾಡುಪೋಲಿಯೊ ಬಂದಾಗ ಏನಾಗುತ್ತದೆಯೋ ಅದೇ ಆಗುತ್ತದೆ.

ಎಷ್ಟು ಮಕ್ಕಳಿಗೆ? ಭಾರತದಲ್ಲಿ ೧೯೯೯ನೆಯ ಒಂದೇ ವರ್ಷದಲ್ಲಿ ಹನಿಯಿಂದಲೇ ಅಂಗಘಾತಕ್ಕೆ ಒಳಗಾದವರೆಂದು ಪರಿಗಣಿಸಿದ ಮಕ್ಕಳ ಸಂಖ್ಯೆ ೧೮೧. ಮೊದಲನೆಯ ಸಾರಿ ಹನಿ ಹಾಕಿಸಿಕೊಂಡ ಮಕ್ಕಳಲ್ಲಿ ೨೮ ಲಕ್ಷಕ್ಕೆ ಒಂದರಂತೆ. ಪ್ರಮಾಣವು ಚಿಕ್ಕದೇ ಸರಿ. ಆದರೆ ಆ ಒಂದು ಮನೆಗೆ ಅದು ಚಿಕ್ಕದಲ್ಲ. ಇನ್ನೊಂದು ವಿಷಯವನ್ನು ಹೇಳುವಾಗ ನಮಗೆ ಸಿಟ್ಟು ಬರುತ್ತದೆ. ಪೋಲಿಯೊ ವೈರಸ್ಸಿನಲ್ಲಿ ಮೂರು ಬಗೆಗಳುಂಟು. ಎರಡನೆಯ ಬಗೆಯ ಕಾಡುವೈರಸ್ ಪ್ರಪಂಚದಲ್ಲಿಯೇ ಕೊನೆಯದಾಗಿ ಕಂಡುಬಂದುದು ನಮ್ಮ ದೇಶದ ಅಲೀಗಢದಲ್ಲಿ, ೧೯೯೯ರಲ್ಲಿ. ಆ ಬಳಿಕ ಎರಡನೆಯ ಬಗೆಯಿಂದ ಒಂದು ಮಗುವಿನ ಕಾಲು ಹೋದರೆ ಅದಕ್ಕೆ ಲಸಿಕೆಯ ಹೊರತು ಬೇರೆ ಮೂಲವಿರಲಿಲ್ಲ. ಹಾಗಿದ್ದೂ ಆ ಬಗೆಯನ್ನು ಹನಿಯಿಂದ ತೆಗೆದುಹಾಕಿದ್ದು ೨೦೧೬ನೆಯ ಏಪ್ರಿಲ್ ೨೫ರಂದು. ನಡುವೆ ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದಿತು. ಒಮ್ಮೆಲೇ ಎಲ್ಲ ದೇಶಗಳಲ್ಲಿಯೂ ತೆಗೆಯಬೇಕು, ತೆಗೆಯುವುದಕ್ಕೆ ಮುಂಚೆ ಸತ್ತ ವೈರಸ್ಸಿನ ಚುಚ್ಚುಮದ್ದು ಸಿದ್ಧವಾಗಿರಬೇಕು ಎಂಬ ಕಾರಣಗಳು ಇದ್ದುವೆಂಬುದನ್ನು ನಾವು ಬಲ್ಲೆವು. ಸತ್ತ ವೈರಸ್ಸಿನ ಚುಚ್ಚುಮದ್ದಿನಿಂದ ಅಂಗಘಾತವಾಗುವುದಿಲ್ಲ. ವೆಲ್ಲೂರಿನ ಡಾಕ್ಟರ್ ಟಿ. ಜೇಕಬ್ ಜಾನ್ ಅವರು ದಶಕಗಳ ಕಾಲ ಅದರ ಪರವಾಗಿ ವಾದಿಸುತ್ತ ಬಂದವರು. ಅಮೆರಿಕವು ೨೦೦೦ದಲ್ಲಿಯೇ ಹನಿಯನ್ನು ಪೂರ್ತಿಯಾಗಿ ಬಿಟ್ಟು ಚುಚ್ಚುಮದ್ದಿಗೆ ಬದಲಾಯಿಸಿತು. ನಮ್ಮಲ್ಲಿ ಚುಚ್ಚುಮದ್ದು ಸರಕಾರದ ಕಾರ್ಯಕ್ರಮಕ್ಕೆ ಬಂದುದು ೨೦೧೫ರ ನವೆಂಬರಿನ ಕೊನೆಯಲ್ಲಿ, ಅದೂ ಕೆಲವೇ ರಾಜ್ಯಗಳಲ್ಲಿ ಮೊದಲು. ಎರಡನೆಯ ಬಗೆಯನ್ನು ತೆಗೆದ ಮೇಲೂ ೨೦೧೮ರಲ್ಲಿ ಗಾಜಿಯಾಬಾದಿನ ಕಾರ್ಖಾನೆಯೊಂದರ ಹನಿಯಲ್ಲಿ ಅದು ಬೆರೆತಿದ್ದುದು ಪತ್ತೆಯಾಯಿತು. ಇಂಥ ಸಂಗತಿಗಳನ್ನು ಸರಕಾರವು ತಾನಾಗಿಯೇ, ಜನರ ಭಾಷೆಯಲ್ಲಿ, ಬಾಯಿಬಿಟ್ಟು ಹೇಳಬೇಕಾಗಿದ್ದಿತು.

ಇದನ್ನು ಓದಿ "ಹಾಗಾದರೆ ಹನಿಯೇ ಬೇಡ" ಎಂದು ಯಾರಾದರೂ ತೀರ್ಮಾನಿಸುವುದಾದರೆ, ಅವರು ಹೂಗ್ಲಿ ನದಿಯ ಆಚೆ ದಡದ ಕಥೆಯನ್ನೂ ಕೇಳಬೇಕು. ಭಾರತದ ಕಟ್ಟಕಡೆಯ ಕಾಡುಪೋಲಿಯೊ ರೋಗಿ ನಮ್ಮ ನೆರೆಯ ಹೌರಾ ಜಿಲ್ಲೆಯ ಪಾಂಚ್‌ಲಾದ ಹದಿನೆಂಟು ತಿಂಗಳ ಹೆಣ್ಣುಮಗು. ಕಾಲು ಬಿದ್ದುಹೋದ ದಿನ ೨೦೧೧ನೆಯ ಜನವರಿ ೧೩. ಆ ಮಗುವಿಗೆ ಒಂದು ಹನಿಯನ್ನೂ ಹಾಕಿಸಿರಲಿಲ್ಲ. ದೇಶದಲ್ಲಿ ೨೦೦೯ರಲ್ಲಿ ೭೪೧ ಮಕ್ಕಳು, ೨೦೧೦ರಲ್ಲಿ ೪೨, ೨೦೧೧ರಲ್ಲಿ ಈ ಒಂದು. ಆ ಬಳಿಕ ಇಲ್ಲ. ೨೦೧೪ನೆಯ ಮಾರ್ಚ್ ೨೭ರಂದು ನಮ್ಮ ದೇಶವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು. ದೋಷವುಳ್ಳ ಆ ಹನಿಯೇ ಇದನ್ನು ಸಾಧಿಸಿದ್ದು. ಲಸಿಕೆಯ ವೈರಸ್ ಕೆಟ್ಟು ತಿರುಗುವುದು ಕೂಡ ಹನಿ ಹಾಕಿಸಿಕೊಳ್ಳದ ಮಕ್ಕಳು ಒತ್ತಾಗಿ ನೆಲಸಿರುವ ಕಡೆಗಳಲ್ಲಿಯೇ ಹೆಚ್ಚು. ಎಲ್ಲರಿಗೂ ಲಸಿಕೆಯಾಗಿದ್ದರೆ ಅದಕ್ಕೆ ಹರಡಲು ದಾರಿಯಿರುವುದಿಲ್ಲ. ೨೦೨೨ರಲ್ಲಿ ನಮ್ಮ ಕಲ್ಕತ್ತೆಯ ಮೇಟಿಯಾಬ್ರುಜ್ ಭಾಗದ ಚರಂಡಿಯ ನೀರಿನಲ್ಲಿ ಲಸಿಕೆಯಿಂದ ಹುಟ್ಟಿದ ಪೋಲಿಯೊ ವೈರಸ್ ಸಿಕ್ಕಿತು. ೨೦೨೪ರ ಆಗಸ್ಟಿನಲ್ಲಿ ಮೇಘಾಲಯದ ಪಶ್ಚಿಮ ಗಾರೊ ಬೆಟ್ಟಗಳಲ್ಲಿ ಎರಡು ವರ್ಷದ ಮಗುವೊಂದಕ್ಕೆ ಅಂಥದೇ ವೈರಸ್ಸಿನಿಂದ ಪೋಲಿಯೊ ಬಂದುದು ವರದಿಯಾಯಿತು. ಇವನ್ನು ನೋಡಿ ಹನಿ ನಿಲ್ಲಿಸುವವನು ಮನೆಗೆ ಕಳ್ಳ ನುಗ್ಗಿದನೆಂದು ಉಳಿದ ಬಾಗಿಲುಗಳ ಅಗುಳಿಯನ್ನೂ ತೆಗೆದುಹಾಕುವವನು.

ಕುರಿಯ ಮಿದುಳಿನ ಕಥೆಯನ್ನು ಹೇಳದೆ ಈ ಪ್ರಸ್ತಾಪವು ಪೂರ್ಣವಾಗದು. ಬಾಲ್ಯದಲ್ಲಿ ಹುಚ್ಚುನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡವರು ನಮ್ಮ ವಾಚಕರಲ್ಲಿ ಅನೇಕರು ಇದ್ದಾರು. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ೧೯೧೧ರಲ್ಲಿ ರೂಪಿಸಿದ ಆ ಲಸಿಕೆಯನ್ನು, ಹುಚ್ಚುರೋಗದ ವೈರಸ್ಸನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಕಾರ್ಬಾಲಿಕ್ ಆಮ್ಲದಿಂದ ಕೊಂದು ತಯಾರಿಸುತ್ತಿದ್ದರು. ವೈರಸ್ ಸತ್ತರೂ ಕುರಿಯ ಮಿದುಳು ಉಳಿಯುತ್ತಿದ್ದಿತಷ್ಟೆ. ನರಗಳಿಗೆ ಹೊದಿಕೆಯಂತಿರುವ ಆ ಮಿದುಳಿನ ಅಂಶದ ವಿರುದ್ಧ ನಮ್ಮ ದೇಹವು ಎದ್ದುನಿಂತಾಗ, ಕೆಲವರಲ್ಲಿ ಅದು ಕುರಿಯದು ಯಾವುದು, ತನ್ನದು ಯಾವುದು ಎಂಬ ಭೇದವೆಣಿಸದೆ ಸ್ವಂತ ನರಗಳ ಮೇಲೆಯೇ ಬೀಳುತ್ತಿದ್ದಿತು. ಒಂದೆರಡು ವಾರಗಳಲ್ಲಿ ಕಾಲು ಸ್ವಾಧೀನ ತಪ್ಪುವುದು, ಮೂತ್ರ ಕಟ್ಟುವುದು, ಮಿದುಳು ಊದುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತಮ್ಮಲ್ಲಿಗೆ ಬಂದ ಇಂಥ ರೋಗಿಗಳ ವಿವರಗಳನ್ನು ೧೯೮೪ರಲ್ಲಿ ಪ್ರಕಟಿಸಿದ್ದಾರೆ. ಮಿದುಳನ್ನು ಬಿಟ್ಟು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಸಿದ ನಿರಪಾಯಕರವಾದ ಲಸಿಕೆಯು ೧೯೭೦ರ ದಶಕದಲ್ಲಿಯೇ ಹೊರದೇಶಗಳಲ್ಲಿ ಬಂದಿದ್ದಿತು. ಕೆಲಕಾಲದ ಬಳಿಕ ನಮ್ಮ ಪೇಟೆಗಳಲ್ಲಿಯೂ ದೊರೆಯಿತು. ಹಣವುಳ್ಳವರು ಅದನ್ನು ಕೊಂಡರು. ಧರ್ಮಾಸ್ಪತ್ರೆಗೆ ಹೋದವರ ಹೊಟ್ಟೆಗೆ ಕುರಿಯ ಮಿದುಳೇ ಮುಂದುವರಿಯಿತು. ಭಾರತದಲ್ಲಿ ಅದರ ತಯಾರಿಕೆ ನಿಂತುದು ೨೦೦೪ರ ಅಂತ್ಯದಲ್ಲಿ. ಇಷ್ಟಾದರೂ, ಹುಚ್ಚುನಾಯಿ ಕಚ್ಚಿದವನು ಆ ಹದಿನಾಲ್ಕು ಸೂಜಿಗಳನ್ನು ತಪ್ಪಿಸಿಕೊಂಡು ಓಡಿದ್ದರೆ ಜಾಣನೆನಿಸುತ್ತಿರಲಿಲ್ಲ. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆಂದೇ ಹೇಳಬೇಕು.

ತಪ್ಪು ಲಸಿಕೆಯದೋ ಚುಚ್ಚಿದ ಕೈಯದೋ ಎಂಬುದನ್ನು ವಿಚಾರಿಸದೆ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಕಲ್ಕತ್ತೆಯ ಚರಿತ್ರೆಯಲ್ಲಿಯೇ ನಿದರ್ಶನವಿದೆ. ೧೮೯೪ರಲ್ಲಿ ಈ ನಗರದ ಬಸ್ತಿಗಳಲ್ಲಿ ಕಾಲರಾ ಲಸಿಕೆ ಹಾಕಿದ ವಾಲ್ಡೆಮಾರ್ ಹಾಫ್ಕಿನ್, ಆ ಬಳಿಕ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡವರು. ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಆ ಲಸಿಕೆ ಹಾಕಿಸಿಕೊಂಡ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ನರಗಳನ್ನು ಬಿಗಿದು ಮನುಷ್ಯನನ್ನು ಬಿಲ್ಲಿನಂತೆ ಬಾಗಿಸುವ ಆ ರೋಗದ ಭೀಕರತೆಯನ್ನು ನಮ್ಮ ಹಳ್ಳಿಗಳವರು ಬಲ್ಲರು. ಹಾಫ್ಕಿನ್ನರ ಪ್ರಯೋಗಶಾಲೆಯ ಮೇಲೆ ದೋಷ ಹೊರಿಸಿ ಅವರನ್ನು ಕೆಲಸದಿಂದ ದೂರವಿಡಲಾಯಿತು. ಆದರೆ ಸತ್ತವರೆಲ್ಲರೂ ಒಂದೇ ಸೀಸೆಯಿಂದ ಮದ್ದು ಪಡೆದವರು. ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕುಳವು ನೆಲಕ್ಕೆ ಬಿದ್ದಿದ್ದಿತು, ಅದನ್ನು ಸರಿಯಾಗಿ ಶುದ್ಧಿಮಾಡದೆಯೇ ಉಪಯೋಗಿಸಿದ್ದರು. ಕೆಳಗೆ ಬಿದ್ದ ಸೌಟನ್ನು ಮತ್ತೆ ಹಂಡೆಗೆ ಹಾಕುವ ಅಡಿಗೆಯವನನ್ನು ನಮ್ಮ ಹೋಟೆಲುಗಳಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ! ಮಲೇರಿಯದ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು ಹಾಫ್ಕಿನ್ನರ ಪರವಾಗಿ ನಿಂತು ಬರೆದ ಮೇಲೆ ೧೯೦೭ರಲ್ಲಿ ಅವರು ನಿರ್ದೋಷಿಯೆಂದು ಸ್ಥಿರಪಟ್ಟಿತು. ಆಗ ಅವರು ಕೆಲಸಕ್ಕೆ ಹಿಂತಿರುಗಿದುದು ಈ ಕಲ್ಕತ್ತೆಗೇ. ಒಳ್ಳೆಯ ಹೆಸರನ್ನು ಕಳೆದುಕೊಂಡು ಐದು ವರ್ಷಗಳಾಗಿದ್ದುವು.

ಆದುದರಿಂದ ಸರಕಾರಕ್ಕೆ ನಮ್ಮ ನಿವೇದನೆಯಿಷ್ಟು. ಲಸಿಕೆಯ ಬಳಿಕ ಮಗುವಿಗೆ ಸೆಳವು ಬಂದರೆ, ಪ್ರಜ್ಞೆ ತಪ್ಪಿದರೆ, ಕೈಕಾಲು ಜೋಲುಬಿದ್ದರೆ, ಅದನ್ನು ವರದಿಮಾಡಿ ವಿಚಾರಣೆ ನಡೆಸುವ ಸಮಿತಿಗಳು ಕಾಗದದ ಮೇಲೆ ಜಿಲ್ಲೆಯಿಂದ ದೆಹಲಿಯವರೆಗೂ ಇವೆ. ವಿಚಾರಣೆಯಿಂದ ಹೊರಬಿದ್ದ ನಿರ್ಣಯವು ಆ ಮಗುವಿನ ತಾಯಿಗೆ, ಆಕೆಗೆ ತಿಳಿಯುವ ಮಾತಿನಲ್ಲಿ, ತಲುಪಬೇಕು. ಹಾನಿಯು ಲಸಿಕೆಯಿಂದಲೇ ಆದುದೆಂದು ಕಂಡುಬಂದರೆ, ಯಾರ ತಪ್ಪೆಂಬ ವ್ಯಾಜ್ಯಕ್ಕೆ ಅವಕಾಶವಿಲ್ಲದಂತೆ, ಆ ಮಗುವಿನ ಪೋಷಣೆಯ ಭಾರವನ್ನು ಸರಕಾರವು ಹೊರಬೇಕು. ಬ್ರಿಟನ್ನಿನಲ್ಲಿ ೧೯೭೯ರಲ್ಲಿಯೂ ಅಮೆರಿಕದಲ್ಲಿ ೧೯೮೬ರಲ್ಲಿಯೂ ಇದಕ್ಕಾಗಿ ಕಾನೂನುಗಳಾದುವು. ನಮ್ಮ ಕೇಂದ್ರ ಸರಕಾರವಾದರೋ ೨೦೨೨ರ ನವೆಂಬರಿನಲ್ಲಿ, ಕೋವಿಡ್ ಲಸಿಕೆಯ ಬಳಿಕ ತೀರಿಕೊಂಡ ಹೆಣ್ಣುಮಕ್ಕಳಿಬ್ಬರ ತಂದೆತಾಯಂದಿರ ಅರ್ಜಿಗೆ ಉತ್ತರವಾಗಿ, ಪರಿಹಾರ ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟಿನಲ್ಲಿ ಹ�ೇಳಿತು. ಈ ವಾದವು ನಮಗೆ ಒಪ್ಪಿಗೆಯಿಲ್ಲ. ಎಲ್ಲರ ಮಕ್ಕಳ ರಕ್ಷಣೆಗೋಸ್ಕರ ಹನಿ ಹಾಕಿಸಿಕೊಂಡು ಇಪ್ಪತ್ತೆಂಟು ಲಕ್ಷಕ್ಕೆ ಒಂದಾದ ಆ ಮಗು, ಎಲ್ಲರ ಮಗುವೂ ಹೌದು. ಕಟ್ಟಡ ಕೂಲಿಯವನೋ ಹೋಟೆಲು ಮಾಣಿಯೋ ಆದ ತಂದೆ ವಕೀಲರನ್ನು ಹಿಡಿದು ಕೋರ್ಟು ಹತ್ತಬೇಕೆಂದರೆ ಏನರ್ಥ?

ಇನ್ನು ನಮ್ಮ ಜನರ ಮಾತು. ಲಸಿಕೆಯನ್ನು ಹಠದಿಂದ ಬೇಡವೆನ್ನುವವರು ನಮ್ಮಲ್ಲಿ ಕಡಿಮೆ. ನಡುವೆ ಕೈಬಿಡುವವರೇ ಹೆಚ್ಚು. ಬಾಣಂತನಕ್ಕೆ ಊರಿಗೆ ಹೋದಾಗ ಮೊದಲ ಚುಚ್ಚುಮದ್ದುಗಳು ಅಲ್ಲಿ ಆಗುತ್ತವೆ. ಮೂರನೆಯ ತಿಂಗಳಿಗೆ ಗಂಡ ಇಲ್ಲಿಗೆ ಕರೆಸಿಕೊಳ್ಳುತ್ತಾನೆ. ತಾಯಿಕಾರ್ಡು ಊರಿನ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಇಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿಯದು. ಹೋದರೆ ಮಾತು ತಿಳಿಯದು. ಸೆಳವಿನ ಕಥೆಯೊಂದು ಕಿವಿಗೆ ಬಿದ್ದರೆ, ಇದ್ದ ಆಲಸ್ಯಕ್ಕೆ ಅದೇ ಒಂದು ಸಮರ್ಥನೆಯಾಗುತ್ತದೆ. ಸರಕಾರಿ ಕೇಂದ್ರಗಳಲ್ಲಿ ಲಸಿಕೆಗೆ ಹಣವಿಲ್ಲ, ನೀವು ಯಾವ ರಾಜ್ಯದವರೆಂದು ಕೇಳುವಂತೆಯೂ ಇಲ್ಲ. ಕಾರ್ಡು ಮಾತ್ರ ಮಗುವಿನೊಡನೆ ಪ್ರಯಾಣ ಮಾಡಬೇಕು. ಹಿಂದೆ ಮಗುವಿಗೆ ಸೆಳವು ಬಂದಿದ್ದರೆ, ಮನೆತನದಲ್ಲಿ ಅಪಸ್ಮಾರವಿದ್ದರೆ, ಚುಚ್ಚುವುದಕ್ಕೆ ಮುಂಚೆಯೇ ಹೇಳಬೇಕು. ಜ್ವರದ ಸಾಧಾರಣ ಸೆಳವು ಬಂದಿತೆಂಬ ಮಾತ್ರಕ್ಕೆ ಮುಂದಿನ ಲಸಿಕೆಗಳನ್ನು ನಿಲ್ಲಿಸಬೇಕಾಗಿಲ್ಲ. ಆದರೆ ನಾಯಿಕೆಮ್ಮಿನ ಲಸಿಕೆಯಾದ ಏಳು ದಿನಗಳೊಳಗೆ, ಬೇರೆ ಕಾರಣವಿಲ್ಲದೆ, ಮಗು ಬಹುಕಾಲ ಪ್ರಜ್ಞೆ ತಪ್ಪಿ ಮಲಗಿದ್ದರೆ, ಆ ಲಸಿಕೆಯನ್ನು ಪುನಃ ಹಾಕುವುದಿಲ್ಲ. ಇದು ವೈದ್ಯರ ನಿಯಮ. ಚುಚ್ಚಿಸಿದ ಬಳಿಕ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಯಾವ ಮಗುವಿಗಾದರೂ ಕಾಲು ಇದ್ದಕ್ಕಿದ್ದಂತೆ ಜೋಲುಬಿದ್ದರೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು. ಹದಿನಾಲ್ಕು ದಿನಗಳೊಳಗೆ ಎರಡು ಸಾರಿ ಮಲವನ್ನು ಪರೀಕ್ಷೆಗೆ ಕೇಳುತ್ತಾರೆ, ಅಸಹ್ಯಪಟ್ಟುಕೊಳ್ಳಬಾರದು. ಕಾಡುವೈರಸ್ಸೋ ಲಸಿಕೆಯ ವೈರಸ್ಸೋ ಬೇರೆ ರೋಗವೋ ಎಂಬುದು ತಿಳಿಯುವುದು ಅದರಿಂದಲೇ.

ಪತ್ರ ಬರೆದ ಗೃಹಸ್ಥರು ತಮ್ಮ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಸೆಳವಿನ ವಿವರವನ್ನು ಕಾರ್ಡಿನಲ್ಲಿ ಬರೆಯಿಸಿಕೊಂಡು, ಅವರು ಬೇಡವೆನ್ನದಿದ್ದರೆ ಮುಂದಿನ ಚುಚ್ಚುಮದ್ದನ್ನು ಅದರ ಕಾಲಕ್ಕೆ ಹಾಕಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಆಣೆಯಿಟ್ಟ ಅಜ್ಜಿಗೆ ಈ ಲೇಖನವನ್ನು ಓದಿ ಹೇಳಬಹುದು. ಲಸಿಕೆಗಳ ಪಟ್ಟಿಯನ್ನೂ, ಪ್ರತಿಯೊಂದರಿಂದ ಸಾಮಾನ್ಯವಾಗಿ ಏನು ತೊಂದರೆಯಾಗುತ್ತದೆ, ಅಪರೂಪಕ್ಕೆ ಏನಾಗುತ್ತದೆ, ಆಗ ಏನು ಮಾಡಬೇಕು ಎಂಬುದನ್ನೂ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಮಾಡಿಸಿ ಕೊಡಲು ನಾವು ಸಿದ್ಧರಿದ್ದೇವೆ. ಮಕ್ಕಳ ವೈದ್ಯರಾಗಿರುವ ಕನ್ನಡಿಗರು ಯಾರಾದರೂ ಅದನ್ನು ತಿದ್ದಿಕೊಟ್ಟರೆ ಉಪಕಾರವಾದೀತು. ಹೋಟೆಲು ಮಾಲೀಕರು ಆ ಹಾಳೆಯನ್ನು ಗಲ್ಲಾದ ಹಿಂದಿನ ದೇವರ ಪಟದ ಪಕ್ಕದಲ್ಲಿ ತೂಗಹಾಕುವುದಕ್ಕಿಂತ, ಕೆಲಸಗಾರರು ಊಟಕ್ಕೆ ಕುಳಿತುಕೊಳ್ಳುವ ಕೋಣೆಯ ಗೋಡೆಗೆ ಅಂಟಿಸುವುದು ಲೇಸು.